ಬೆರಳಿನ ಮಾತು ಕೇಳುವ ಯಂತ್ರ

(ನಮ್ಮ ಶಾಲೆಯ ವಾರ್ಷಿಕ ಪಾಲಕ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಈ ವರ್ಷ ದಾನಿಗಳ ಔದಾರ್ಯದಿಂದ ನಮ್ಮ ಶಾಲೆಗೆ ಒಂದು ದೊಡ್ಡ ಸ್ಪರ್ಶಫಲಕ ಬಂದಿದೆ. ಏಳನೆಯ ಇಯತ್ತೆಯ ಕೋಣೆಯಲ್ಲಿ ಕರಿಹಲಗೆಯ ಮಗ್ಗುಲಿಗೆ ಗೋಡೆಗೆ ತೂಗುಹಾಕಿರುವ ಆ ಗಾಜಿನ ಹಲಗೆಯನ್ನು ತಾವೆಲ್ಲರೂ ಒಳಗೆ ಬರುವಾಗ ನೋಡಿರಬಹುದು. ಅದೂ ಗಣಕಯಂತ್ರವೇ. ಆದರೆ ಅದಕ್ಕೆ ಕೀಲಿಮಣೆಯಿಲ್ಲ, ಮೌಸ್ ಇಲ್ಲ. ಬೆರಳಿನಿಂದ ಮುಟ್ಟಿ, ಎಳೆದು, ಹಿಗ್ಗಿಸಿ, ಕುಗ್ಗಿಸಿ ಅದನ್ನು ನಡೆಸಬೇಕು. ಅದರ ಬಗೆಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಕೊಂಚ ಅನುಮಾನಿಸಿದೆನು. ಏಕೆಂದರೆ ಮಕ್ಕಳಿಗೆ ಇದನ್ನು ಕಲಿಸುವ ಅವಶ್ಯಕತೆಯೇ ಇಲ್ಲ. ಫಲಕವನ್ನು ಗೋಡೆಗೆ ಕೂಡ್ರಿಸಿದ ದಿವಸ ನಾನು ಕನ್ನಡಕ ಹಾಕಿಕೊಂಡು ಸೂಚನಾಪುಸ್ತಕದ ಮೂರನೆಯ ಪುಟವನ್ನು ಓದುತ್ತಿದ್ದೆನು. ಅಷ್ಟರಲ್ಲಿ ಐದನೆಯ ಇಯತ್ತೆಯ ಇಬ್ಬರು ಹುಡುಗರು ಅದರ ಮೇಲೆ ಭಾರತದ ನಕಾಶೆಯನ್ನು ತೆರೆದು, ಎರಡು ಬೆರಳುಗಳಿಂದ ಹಿಗ್ಗಿಸುತ್ತ ಹಿಗ್ಗಿಸುತ್ತ, ಹಿರಣ್ಯಕೇಶಿಯ ದಂಡೆಗೆ, ರಾಮತೀರ್ಥದ ತನಕ ಬಂದು ಮುಟ್ಟಿದ್ದರು! ಆದಕಾರಣ ಈ ಹೊತ್ತಿನ ನನ್ನ ಮಾತು ಮುಖ್ಯವಾಗಿ ಪಾಲಕರಿಗಾಗಿ. ಮಕ್ಕಳು ಸುಮ್ಮನೆ ಕುಳಿತು ಕೇಳಿದರೆ ಅವರಿಗೂ ಒಂದೆರಡು ಹೊಸ ಸಂಗತಿಗಳು ಸಿಕ್ಕಾವು.

ಈ ವಿಷಯವನ್ನು ನಾನು ಓದಿ ತಿಳಿದುಕೊಳ್ಳಲು ಕಾರಣವಾದ ಒಂದು ಪ್ರಸಂಗವನ್ನು ಮೊದಲು ಹೇಳುತ್ತೇನೆ. ಶಾಲೆ ಆರಂಭವಾದ ದಿನಗಳು. ಮಗಳ ವಿದ್ಯಾರ್ಥಿವೇತನದ ಅರ್ಜಿಗಾಗಿ ಒಬ್ಬ ತಾಯಿ ನನ್ನ ಕೋಣೆಗೆ ಬಂದಿದ್ದರು. ನಮ್ಮ ಆಜರಾ ತಾಲೂಕಿನ ಅನೇಕ ಹೆಣ್ಣುಮಕ್ಕಳಂತೆ ಅವರದೂ ಗೋಡಂಬಿ ಸುಲಿಯುವ ಕೆಲಸ. ಗೋಡಂಬಿಯ ಸಿಪ್ಪೆಯಲ್ಲಿರುವ ಎಣ್ಣೆ ಎಂಥದೆಂಬುದು ಇಲ್ಲಿರುವವರಿಗೆ ಗೊತ್ತಿದ್ದದ್ದೇ. ಅದು ಚರ್ಮವನ್ನು ಸುಡುತ್ತದೆ, ಕಪ್ಪಾಗಿಸುತ್ತದೆ. ಆ ತಾಯಿಯ ಬೆರಳ ತುದಿಗಳು ಒಣಗಿ, ಬಿರಿತು, ಕಟ್ಟಿಗೆಯಂತಾಗಿದ್ದವು. ಫೋನಿಗೆ ಬಂದ ಸಂದೇಶವನ್ನು ತೆರೆಯಿರಿ ಎಂದು ನಾನು ಹೇಳಿದೆನು. ಅವರು ಒಂದು ಸಲ ಮುಟ್ಟಿದರು, ಎರಡು ಸಲ ಮುಟ್ಟಿದರು. ಗಾಜು ಮಿಸುಕಲಿಲ್ಲ. "ಗಟ್ಟಿಯಾಗಿ ಒತ್ತಿರಿ ತಾಯಿ" ಎಂದೆನು. ಗಟ್ಟಿಯಾಗಿ ಒತ್ತಿದರು; ಆಗಲೂ ಇಲ್ಲ. ಅವರು ಫೋನನ್ನು ಮಗಳ ಕೈಗೆ ಕೊಟ್ಟು, ನಕ್ಕಂತೆ ಮಾಡಿ ಹೇಳಿದರು: "ಸರ, ಇದಕ ನನ್ನ ಬೆರಳು ಬ್ಯಾಡಂತ್ರಿ, ಮಗಳ ಬೆರಳೇ ಬೇಕಂತ. ಸಾಲಿ ಕಲಿತವರ ಬೆರಳು ಅದಕ್ಕ ಗುರುತು ಹತ್ತತದ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಹೆಬ್ಬೆಟ್ಟು ಒತ್ತುವವರು ಎಂಬ ಮಾತನ್ನು ನಮ್ಮ ಹಿರಿಯರು ಎಷ್ಟು ಅಪಮಾನದಿಂದ ಕೇಳಿಸಿಕೊಂಡಿದ್ದಾರೆಂಬುದನ್ನು ನಾನು ಬಲ್ಲೆನು. ಇಂದು ಪದವೀಧರರೆಲ್ಲ ಹಗಲೂ ರಾತ್ರಿ ಹೆಬ್ಬೆಟ್ಟನ್ನೇ ಒತ್ತುತ್ತಿರುವಾಗ, ಜೀವಮಾನವೆಲ್ಲ ಬೆರಳಿನಿಂದಲೇ ದುಡಿದ ಹೆಣ್ಣುಮಗಳ ಬೆರಳನ್ನು ಯಂತ್ರ ಗುರುತಿಸುವದಿಲ್ಲವೆಂದರೆ ಏನರ್ಥ? ಅಲ್ಲದೆ, ಗಟ್ಟಿಯಾಗಿ ಒತ್ತಿರಿ ಎಂದು ನಾನು ಕೊಟ್ಟ ಉಪದೇಶವೂ ತಪ್ಪಾಗಿತ್ತು. ಅದು ಏಕೆ ತಪ್ಪೆಂಬುದು ಆಗ ನನಗೇ ಗೊತ್ತಿರಲಿಲ್ಲ.

ನಮ್ಮ ಕೈಯೊಳಗಿನ ಫೋನಿನ ಗಾಜು ಒತ್ತಡವನ್ನು ಅರಿಯುವದೇ ಇಲ್ಲವೆನ್ನಬಹುದು. ಅದು ಅರಿಯುವದು ವಿದ್ಯುತ್ತನ್ನು. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ, ಬೆಳಕನ್ನು ತಡೆಯದ ವಾಹಕದ ಪಟ್ಟಿಗಳನ್ನು ಹಾಸಿರುತ್ತಾರೆ. ಇಂಡಿಯಮ್ ಮತ್ತು ತವರ ಎಂಬ ಎರಡು ಲೋಹಗಳ ಆಕ್ಸೈಡಿನಿಂದ ಅವನ್ನು ಮಾಡುವದು ರೂಢಿ. ಕೆಲವು ಪಟ್ಟಿಗಳು ಉದ್ದಕ್ಕೆ, ಕೆಲವು ಅಡ್ಡಕ್ಕೆ, ಒಂದಕ್ಕೊಂದು ತಾಗದಂತೆ. ಇಚಲಕರಂಜಿಯಲ್ಲಿ ಮಗ್ಗದ ಮುಂದೆ ನಿಲ್ಲುವ ಪಾಲಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅದು ಹಾಸು-ಹೊಕ್ಕು. ಹಾಸಿನ ಎಳೆಯನ್ನು ಹೊಕ್ಕಿನ ಎಳೆ ದಾಟುವ ಪ್ರತಿಯೊಂದು ಸ್ಥಳದಲ್ಲಿಯೂ ಅತ್ಯಲ್ಪವಾದ ವಿದ್ಯುದಂಶ ಕೂಡಿ ನಿಂತಿರುತ್ತದೆ. ಮನುಷ್ಯನ ಶರೀರವೆಂದರೆ ಉಪ್ಪುನೀರಿನ ಕೊಡ. ಅದು ವಿದ್ಯುತ್ತನ್ನು ಒಯ್ಯಬಲ್ಲದು. ಬೆರಳು ಗಾಜಿನ ಮೇಲೆ ಬಂದೊಡನೆ ಆ ಸ್ಥಳದ ವಿದ್ಯುದಂಶದಲ್ಲಿ ಸ್ವಲ್ಪ ಭಾಗವು ಬೆರಳಿನ ಕಡೆಗೆ ಸರಿಯುತ್ತದೆ. ಯಂತ್ರವು ಸೆಕೆಂಡಿಗೆ ಅರವತ್ತು ಸಲ, ಕೆಲವು ಫೋನುಗಳಲ್ಲಿ ಅದಕ್ಕೂ ಬಹಳ ಹೆಚ್ಚು ಸಲ, ಈ ದಾಟುಗಳನ್ನೆಲ್ಲ ಅಳೆದು, ಎಲ್ಲಿ ಕೊರತೆ ಬಿದ್ದಿದೆಯೋ ಅಲ್ಲಿ ಬೆರಳಿದೆ ಎಂದು ತಿಳಿಯುತ್ತದೆ. ಎಳೆ ಹರಿದ ಸ್ಥಳವನ್ನು ನೇಕಾರನ ಕಣ್ಣು ಹುಡುಕುವಂತೆಯೇ ಇದು.

ಈಗ ಆ ತಾಯಿಯ ಬೆರಳಿಗೆ ಬರೋಣ. ಬೆರಳಿನ ತುದಿಯ ಚರ್ಮವು ದಪ್ಪವಾಗಿ, ನೀರಿನಂಶವಿಲ್ಲದೆ ಒಣಗಿ ಹೋದಾಗ, ಒಳಗಿನ ಹಸಿ ಮಾಂಸಕ್ಕೂ ಗಾಜಿಗೂ ನಡುವೆ ಒಂದು ಗೋಡೆ ಎದ್ದಂತಾಗುತ್ತದೆ. ಬೆರಳು ಮುಟ್ಟಿದರೂ ಯಂತ್ರದ ಪಾಲಿಗೆ ಅದು ದೂರದಲ್ಲಿಯೇ ಇರುತ್ತದೆ. ಕೈಚೀಲ ಹಾಕಿಕೊಂಡ ಕೈಗೂ, ಉಗುರಿಗೂ, ಕಟ್ಟಿಗೆಯ ತುಂಡಿಗೂ ಗಾಜು ಓಗೊಡದಿರುವದಕ್ಕೆ ಇದೇ ಕಾರಣ. ಇದರಲ್ಲಿ ಸಾಲಿ ಕಲಿತವರು, ಕಲಿಯದವರು ಎಂಬ ಭೇದವೇನೂ ಇಲ್ಲ. ಉಪಾಯವೂ ಸುಲಭವಾದುದೇ. ಕೈ ತೊಳೆದುಕೊಂಡು, ಒರೆಸಿದ ಮೇಲೆ ಬೆರಳಿನಲ್ಲಿ ಸ್ವಲ್ಪ ಪಸೆ ಉಳಿದಿರುವಾಗ ಮುಟ್ಟಬೇಕು. ತುದಿಯಿಂದ ಕುಟ್ಟದೆ ಬೆರಳಿನ ಮೆತ್ತನೆಯ ಭಾಗವನ್ನು ಚಪ್ಪಟೆಯಾಗಿ ಇಡಬೇಕು. ತೋರುಬೆರಳು ಕೇಳದಿದ್ದರೆ ಕೆಲಸದಲ್ಲಿ ಕಡಿಮೆ ಸವೆದ ಕಿರುಬೆರಳನ್ನು ಉಪಯೋಗಿಸಬೇಕು. ಫೋನಿನ ಮೇಲೆ ಅಂಟಿಸಿದ ದಪ್ಪ ಕಾಪುಗಾಜನ್ನು ತೆಗೆಯಿಸಬೇಕು. ಕೆಲವು ಫೋನುಗಳ ಸೆಟ್ಟಿಂಗಿನಲ್ಲಿ ಸ್ಪರ್ಶದ ಸೂಕ್ಷ್ಮತೆಯನ್ನು ಹೆಚ್ಚಿಸುವ ಅನುಕೂಲವೂ ಉಂಟು. ಆದರೆ ಬೆರಳಿನಿಂದ ನೀರು ತೊಟ್ಟಿಕ್ಕುತ್ತಿರಬಾರದು; ಗಾಜಿನ ಮೇಲೆ ಬಿದ್ದ ಹನಿಯನ್ನೂ ಯಂತ್ರವು ಬೆರಳೆಂದೇ ಭ್ರಮಿಸುತ್ತದೆ.

ಇನ್ನು ಸನ್ನೆಗಳ ವಿಚಾರ. ಯಂತ್ರಕ್ಕೆ ಸನ್ನೆಯೆಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವದು ಬೆರಳು ಎಲ್ಲಿದೆ, ಎಷ್ಟು ಹೊತ್ತು ಇದೆ, ಎಷ್ಟು ದೂರ ಸರಿಯಿತು ಎಂಬುದಷ್ಟೇ. ಬೆರಳು ಬಂದು, ಸರಿಯದೆ, ಬೇಗನೆ ಎದ್ದರೆ ಅದು 'ಮುಟ್ಟಿತು'. ಅಲ್ಲಿಯೇ ಸುಮಾರು ಅರ್ಧ ಸೆಕೆಂಡು ನಿಂತರೆ 'ಒತ್ತಿ ಹಿಡಿಯಿತು'. ಆಗ ಅದು ಅಳಿಸು, ನಕಲು ಮಾಡು, ಕಳುಹಿಸು ಎಂಬಂಥ ಆಯ್ಕೆಗಳನ್ನು ಮುಂದಿಡುತ್ತದೆ. ಬಂದ ಬೆರಳು ಏಳದೆ ಸರಿದರೆ 'ಎಳೆಯಿತು'. ಆಗ ಪುಟ ಸರಿಯುತ್ತದೆ. ಎರಡು ಬೆರಳುಗಳು ಬಂದರೆ ಅವುಗಳ ನಡುವಣ ಅಂತರವನ್ನು ಅಳೆಯುತ್ತದೆ. ಒಂದು ಅಂಗುಲದ ಅಂತರವು ಎರಡು ಅಂಗುಲವಾದರೆ ಚಿತ್ರವೂ ಇಮ್ಮಡಿಯಾಗುತ್ತದೆ. ಗಣಿತದಲ್ಲಿ ಪ್ರಮಾಣವನ್ನು ಕಲಿಯುತ್ತಿರುವ ಮಕ್ಕಳು ಇದನ್ನು ಗಮನಿಸಬೇಕು. ಮನೆಯಲ್ಲಿ ವಿಂಡೋಸ್ 11 ಇರುವ ಸ್ಪರ್ಶಗಣಕವಿದ್ದವರು ಮೂರು ಬೆರಳುಗಳನ್ನು ಕೂಡಿಸಿ ಕೆಳಕ್ಕೆ ಎಳೆದು ನೋಡಿರಿ, ತೆರೆದ ಪುಟಗಳೆಲ್ಲ ಮರೆಯಾಗುತ್ತವೆ. ಮೇಲಕ್ಕೆ ಎಳೆದರೆ ಎಲ್ಲವೂ ಸಾಲಾಗಿ ಎದುರಿಗೆ ಬಂದು ನಿಲ್ಲುತ್ತವೆ.

ಅಜ್ಜ-ಅಜ್ಜಿಯರ ತೊಡಕು ಇಲ್ಲಿಯೇ ಇದೆ. ಅವರು ಮುಟ್ಟುತ್ತಾರೆ, ಕೈ ನಡುಗಿ ಬೆರಳು ಕೊಂಚ ಸರಿಯುತ್ತದೆ, ಯಂತ್ರ ಎಳೆದರೆಂದು ತಿಳಿಯುತ್ತದೆ. ಇಲ್ಲವೆ ಅವರು ಜಾಗರೂಕತೆಯಿಂದ ನಿಧಾನವಾಗಿ ಮುಟ್ಟುತ್ತಾರೆ. ಯಂತ್ರ ಒತ್ತಿ ಹಿಡಿದರೆಂದು ತಿಳಿಯುತ್ತದೆ. ಆಗ ಮೊಮ್ಮಕ್ಕಳು "ನಿನಗೆ ಬರುವದಿಲ್ಲ, ಕೊಡು ಇತ್ತ" ಎಂದು ಕಸಿದುಕೊಳ್ಳುತ್ತಾರೆ. ಮಕ್ಕಳೇ, ಕಸಿದುಕೊಳ್ಳುವ ಬದಲು ಸೆಟ್ಟಿಂಗಿನಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ದೀರ್ಘ ಮಾಡಿ ಕೊಡಿರಿ. ಆಂಡ್ರಾಯ್ಡ್ ಫೋನಿನಲ್ಲಿ ಅದಕ್ಕೆ ಅವಕಾಶವಿದೆ. ಅಂದ ಹಾಗೆ, ಈ ತಪ್ಪು ಅಜ್ಜಂದಿರದಷ್ಟೇ ಅಲ್ಲ. ಒಮ್ಮೆ ನಾನು ಗುಣಪಟ್ಟಿಯನ್ನು ಫೋನಿನಲ್ಲಿ ತೆರೆಯಲು ಹೋಗಿ, ಬೆರಳನ್ನು ಹೆಚ್ಚು ಹೊತ್ತು ಇಟ್ಟು, ಎದುರಿಗೆ ಬಂದ ಪ್ರಶ್ನೆಯನ್ನು ಓದದೆ 'ಹೌದು' ಎಂದು ಮುಟ್ಟಿ, ಎರಡು ರಾತ್ರಿಗಳ ಕೆಲಸವನ್ನು ಅಳಿಸಿ ಹಾಕಿದ್ದೇನೆ. ನಮ್ಮ ಶಿಕ್ಷಕರು ಅದನ್ನು ಇನ್ನೂ ಮರೆತಿಲ್ಲ.

ಈ ವಿದ್ಯೆ ನಿನ್ನೆ ಮೊನ್ನೆಯದೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಇಂಗ್ಲೆಂಡಿನ ಮಾಲ್ವರ್ನ್ ಎಂಬಲ್ಲಿಯ ರಾಡಾರ್ ಸಂಶೋಧನ ಕೇಂದ್ರದಲ್ಲಿ ಇ. ಎ. ಜಾನ್ಸನ್ ಎಂಬುವರು 1965ರಲ್ಲಿಯೇ ಬೆರಳಿನ ಸ್ಪರ್ಶವನ್ನರಿಯುವ ಪರದೆಯನ್ನು ಕುರಿತು ಬರೆದರು. ವಿಮಾನಗಳ ಸಂಚಾರವನ್ನು ನಿಯಂತ್ರಿಸುವವರು ಬೇಗ ಬೇಗ ಆಜ್ಞೆ ಕೊಡುವಂತಾಗಲೆಂಬುದು ಅವರ ಉದ್ದೇಶ. ಶಾಲೆಯವರಾದ ನಮಗೆ ಅದಕ್ಕಿಂತಲೂ ಆಪ್ತವಾದುದು ಅಮೇರಿಕೆಯ ಇಲಿನಾಯ್ ವಿಶ್ವವಿದ್ಯಾಲಯದ 'ಪ್ಲೇಟೋ' ಎಂಬ ಪಾಠಯಂತ್ರ. 1972ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ವಿದ್ಯಾರ್ಥಿಯು ಪ್ರಶ್ನೆಗೆ ಉತ್ತರವನ್ನು ಪರದೆಯನ್ನು ಮುಟ್ಟಿಯೇ ಹೇಳಬಹುದಾಗಿತ್ತು. ಪರದೆಯ ಅಂಚಿನಿಂದ ಅಂಚಿಗೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಅಡ್ಡಲಾಗಿ 16, ಉದ್ದಕ್ಕೆ 16 ಹಾಯುತ್ತಿದ್ದವು. ಹೀಗೆ 256 ಮನೆಗಳು. ಬೆರಳು ಯಾವ ಕಿರಣಗಳನ್ನು ತಡೆಯಿತೆಂಬುದರಿಂದ ಯಾವ ಮನೆಯೆಂಬುದು ತಿಳಿಯುತ್ತಿತ್ತು.

ಹಲವು ಬೆರಳುಗಳ ಸನ್ನೆಗಳನ್ನು ಇಂದಿನ ರೂಪಕ್ಕೆ ತಂದವರಲ್ಲಿ ಒಬ್ಬ ವಿದ್ಯಾರ್ಥಿಯೂ ಇದ್ದನು. ಡೆಲವೇರ್ ವಿಶ್ವವಿದ್ಯಾಲಯದ ವೇನ್ ವೆಸ್ಟರ್ಮನ್. ಕೀಲಿಮಣೆಯನ್ನು ಬಡಿದು ಬಡಿದು ಅವನ ಕೈಗಳು ನೋಯುತ್ತಿದ್ದವು. ಒತ್ತದೆ, ಬರೀ ಸ್ಪರ್ಶದಿಂದ ಬರೆಯುವ ಸಾಧನವನ್ನು ಅವನು ತನ್ನ ಗುರು ಜಾನ್ ಎಲಿಯಾಸ್ ಅವರೊಡನೆ ಕೂಡಿ ರೂಪಿಸಿದನು. 1999ರ ಅವನ ಪ್ರಬಂಧವೂ ಅದೇ ವಿಷಯದ ಮೇಲಿದೆ. ಅವರ ಸಣ್ಣ ಕಂಪನಿಯನ್ನು 2005ರಲ್ಲಿ ಆ್ಯಪಲ್ ಕಂಪನಿ ಕೊಂಡಿತು. 2007ರಲ್ಲಿ ಐಫೋನ್ ಬಂದಿತು. ಮುಂದಿನದು ತಮಗೆ ಗೊತ್ತಿದೆ.

ಆದರೆ ಅದಕ್ಕೂ ಮೊದಲೇ ನಮ್ಮ ಬೆಂಗಳೂರಿನಲ್ಲಿ ನಡೆದ ಒಂದು ಪ್ರಯತ್ನವನ್ನು ಕನ್ನಡಿಗರಾದ ನಾವು ಮರೆತಿದ್ದೇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ ಚಂದ್ರು, ಸ್ವಾಮಿ ಮನೋಹರ, ರಮೇಶ ಹರಿಹರನ್, ವಿ. ವಿನಯ್ ಇವರೂ ಎನ್ಕೋರ್ ಕಂಪನಿಯ ಎಂಜಿನಿಯರರೂ ಕೂಡಿ 'ಸಿಂಪ್ಯೂಟರ್' ಎಂಬ ಅಂಗೈಗಣಕವನ್ನು ನಿರ್ಮಿಸಿ 2001ರಲ್ಲಿ ಲೋಕಕ್ಕೆ ತೋರಿಸಿದರು. ಓದುಬರಹ ಬಾರದ ಹಳ್ಳಿಯವನೂ ನಡೆಸಬಲ್ಲ ಗಣಕಯಂತ್ರ ಬೇಕೆಂಬುದು ಅವರ ಹಂಬಲ. ಅದಕ್ಕೆ ಕೀಲಿಮಣೆ ಇರಲಿಲ್ಲ. ಚಿತ್ರಗಳನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು. ಅಕ್ಷರ ಬಾರದವರಿಗಾಗಿ ಕನ್ನಡವನ್ನು ಗಟ್ಟಿಯಾಗಿ ಓದುವ 'ಧ್ವನಿ' ಎಂಬ ತಂತ್ರಾಂಶವನ್ನೂ ಸಿದ್ಧಪಡಿಸಿದ್ದರು. ಒಂದು ಊರಿಗೆ ಒಂದೇ ಯಂತ್ರವಿದ್ದರೂ ಪ್ರತಿಯೊಬ್ಬನೂ ತನ್ನ ತನ್ನ ಕಾರ್ಡನ್ನು ತೂರಿಸಿ ತನ್ನ ಲೆಕ್ಕವನ್ನು ನೋಡಿಕೊಳ್ಳಬಹುದಾಗಿತ್ತು. ಬೆಲೆ ಒಂಬತ್ತು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿರಬೇಕೆಂದು ಯೋಜಿಸಿದ್ದರು. 2004ರಲ್ಲಿ ಅದು ಮಾರಾಟಕ್ಕೆ ಬಂದಿತು. ಐವತ್ತು ಸಾವಿರ ಮಾರಬೇಕೆಂದಿದ್ದುದು 2005ರವರೆಗೆ ನಾಲ್ಕು ಸಾವಿರದಷ್ಟು ಮಾತ್ರ ಹೋಯಿತು. ವ್ಯಾಪಾರದ ದೃಷ್ಟಿಯಿಂದ ಅದು ಸೋಲೇ. ಆದರೆ ಗೋಡಂಬಿ ಸುಲಿಯುವ ತಾಯಿಗೆ ಬೇಕಾಗಿದ್ದುದು ಇಂಥ ಯಂತ್ರವೇ ಅಲ್ಲವೇ? ಯಾರಿಗಾಗಿ ಮಾಡುತ್ತೇವೆಂಬ ಪ್ರಶ್ನೆಯನ್ನು ಮೊದಲು ಕೇಳಿದವರು ಅವರು. ಆದುದರಿಂದ ನಾನು ಅವರನ್ನು ಸೋತವರೆನ್ನಲಾರೆ.

ಇನ್ನೊಬ್ಬರ ಕಥೆಯನ್ನು ಮಕ್ಕಳು ವಿಶೇಷವಾಗಿ ಕೇಳಬೇಕು. ಟಿ. ವಿ. ರಾಮನ್ ಎಂಬುವರು 1965ರಲ್ಲಿ ನಮ್ಮ ರಾಜ್ಯದ ಪುಣೆಯಲ್ಲಿ ಹುಟ್ಟಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ, ಅಂದರೆ ನಮ್ಮ ಒಂಬತ್ತನೆಯ ಇಯತ್ತೆಯ ಮಕ್ಕಳ ವಯಸ್ಸಿನಲ್ಲಿ, ಗ್ಲಾಕೋಮಾ ರೋಗದಿಂದ ಕಣ್ಣು ಪೂರ್ತಿ ಹೋಯಿತು. ಅವರು ಪುಣೆ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಮುಂಬಯಿಯ ಐ.ಐ.ಟಿ.ಯಲ್ಲಿ ಕಲಿತು, ಅಮೇರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದಿಂದ 1994ರಲ್ಲಿ ಡಾಕ್ಟರೇಟ್ ಪಡೆದರು. 2005ರಲ್ಲಿ ಗೂಗಲ್ ಸಂಸ್ಥೆಯನ್ನು ಸೇರಿದರು. ಸ್ಪರ್ಶಪರದೆಯ ಫೋನುಗಳು ಬಂದಾಗ ಕುರುಡರಿಗೆ ದೊಡ್ಡ ಆಪತ್ತೇ ಬಂದಿತು. ಹಳೆಯ ಫೋನಿನ ಗುಂಡಿಗಳನ್ನು ತಡವಿ ಗುರುತಿಸಬಹುದಾಗಿತ್ತು. ನುಣುಪಾದ ಗಾಜಿನ ಮೇಲೆ ಐದು ಯಾವುದು, ಒಂಬತ್ತು ಯಾವುದು? ರಾಮನ್ ಅವರು ತಮ್ಮ ಸಹೋದ್ಯೋಗಿ ಚಾರ್ಲ್ಸ್ ಚೆನ್ ಅವರೊಡನೆ ಕೂಡಿ ಪ್ರಶ್ನೆಯನ್ನೇ ತಿರುವಿ ಹಾಕಿದರು. ಬೆರಳು ಗುಂಡಿಯನ್ನು ಹುಡುಕಬೇಕಾಗಿಲ್ಲ. ಬೆರಳು ಮೊದಲು ಎಲ್ಲಿ ತಾಗುತ್ತದೆಯೋ ಅದೇ ಐದು! ಅಲ್ಲಿಂದ ಮೇಲಕ್ಕೆ ಸರಿಸಿದರೆ ಎರಡು, ಕೆಳಕ್ಕೆ ಎಂಟು, ಎಡಕ್ಕೆ ನಾಲ್ಕು, ಬಲಕ್ಕೆ ಆರು, ಮೂಲೆಗಳಿಗೆ ಸರಿಸಿದರೆ ಉಳಿದವು. ತಪ್ಪಿದರೆ ಫೋನನ್ನು ಅಲುಗಿಸಿದರಾಯಿತು, ಅಂಕಿ ಅಳಿಸಿ ಹೋಗುತ್ತದೆ. ಇದು 2009ರ ಸುಮಾರಿನ ಮಾತು. ಅದೇ ವರ್ಷ ಆಂಡ್ರಾಯ್ಡ್ ಫೋನಿನಲ್ಲಿಯೂ ಐಫೋನಿನಲ್ಲಿಯೂ ಪರದೆಯನ್ನು ಓದಿ ಹೇಳುವ ಸೌಕರ್ಯ ಬಂದಿತು. ಅದನ್ನು ಹಚ್ಚಿದರೆ ಒಂದು ಸಲ ಮುಟ್ಟಿದಾಗ ಯಂತ್ರವು ಅಲ್ಲೇನಿದೆಯೆಂದು ಬಾಯಿಬಿಟ್ಟು ಹೇಳುತ್ತದೆ. ಎರಡು ಸಲ ತಟ್ಟಿದ ಮೇಲೆಯೇ ತೆರೆಯುತ್ತದೆ. ನಿಮ್ಮ ಮನೆಯಲ್ಲಿ ಕಣ್ಣು ಮಂದವಾದ ಹಿರಿಯರಿದ್ದರೆ ಇದನ್ನು ಕಲಿಸಿರಿ.

ಇಷ್ಟನ್ನು ಓದಿಕೊಂಡ ಮೇಲೆ ನನಗೊಂದು ವಿಷಯ ಹೊಳೆಯಿತು. ನಮ್ಮ ಶಾಲೆಗೆ ಬಂದ ದೊಡ್ಡ ಫಲಕವು ಫೋನಿನಂತೆ ವಿದ್ಯುದಂಶವನ್ನು ಅಳೆಯುವದಲ್ಲ. ಆ ಹಳೆಯ ಪ್ಲೇಟೋ ಯಂತ್ರದಂತೆ ಅಂಚಿನಿಂದ ಅಂಚಿಗೆ ಕಿರಣ ಹಾಯಿಸುವಂಥದು. ಅಂದ ಮೇಲೆ ಅದಕ್ಕೆ ಬೆರಳಿನ ಚರ್ಮ ಹೇಗಿದ್ದರೇನು? ಕಟ್ಟಿಗೆಯ ಕಡ್ಡಿಯೂ ಅದಕ್ಕೆ ನಡೆಯುತ್ತದೆ. ದೀಪಾವಳಿಯ ಮುಂದೆ ಆ ತಾಯಿ ಮಗಳ ಪ್ರಗತಿಪತ್ರಕ್ಕೆ ಬಂದಾಗ ಫಲಕದ ಮುಂದೆ ಕರೆದುಕೊಂಡು ಹೋದೆನು. ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡು, ಹಿಂಜರಿಯುತ್ತ ಮುಟ್ಟಿದರು. ಚುಕ್ಕೆ ಮೂಡಿತು. ಇನ್ನೊಂದು ಇಟ್ಟರು, ಮತ್ತೊಂದು ಇಟ್ಟರು. ಬಳಿಕ ನನ್ನನ್ನಾಗಲಿ ಮಗಳನ್ನಾಗಲಿ ಕೇಳದೆ, ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದು ರಂಗೋಲಿಯನ್ನು ಹಾಕಿದರು. ಗೆರೆ ಒಂದೆಡೆಯೂ ಸೊಟ್ಟಾಗಿರಲಿಲ್ಲ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಏನೂ ಮಾತಾಡಲಿಲ್ಲ.

ಪಾಲಕರೇ, ಇದು ಬರೀ ಸಂತೋಷದ ಮಾತಲ್ಲ. ನಮ್ಮ ಪಾಲಕರೊಬ್ಬರ ಮನೆಯಲ್ಲಿ ಈಚೆಗೆ ಏನಾಯಿತೆಂಬುದನ್ನು ಅವರ ಒಪ್ಪಿಗೆ ಪಡೆದು, ಹೆಸರನ್ನು ಬಿಟ್ಟು, ಹೇಳುತ್ತೇನೆ. ತಂದೆಯ ಬೆರಳಿಗೆ ಫೋನು ಒಗ್ಗದು. ಆದುದರಿಂದ ಹಣದ ವ್ಯವಹಾರವನ್ನೂ ಮಗನೇ ನೋಡುವನು. ಗುಪ್ತ ಅಂಕಿಯೂ ಅವನಿಗೆ ಗೊತ್ತು. ಒಂದು ಸಾಯಂಕಾಲ ಯಾರೋ ಕರೆಮಾಡಿ, ನಿಮಗೆ ಬರಬೇಕಾದ ಹಣ ಬಂದಿದೆ, ಸ್ವೀಕರಿಸಲು ಇಲ್ಲಿ ಮುಟ್ಟಿ ಅಂಕಿಯನ್ನು ಹಾಕಿರಿ ಎಂದರು. ಹುಡುಗನ ಬೆರಳು ಚುರುಕು, ಮುಟ್ಟಿದನು, ಹಾಕಿದನು. ಕಬ್ಬಿನ ಕೆಲಸದಿಂದ ಕೂಡಿಸಿದ ದುಡ್ಡು ಕ್ಷಣದಲ್ಲಿ ಹೋಯಿತು. ತಂದೆ ಸಿಟ್ಟಿನಲ್ಲಿ ಹೊಡೆದರು. ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಹಣ ಪಡೆಯಲು ಗುಪ್ತ ಅಂಕಿಯನ್ನು ಹಾಕಬೇಕಾಗಿಯೇ ಇಲ್ಲ. ಅದು ಬೇಕಾಗುವದು ಹಣ ಕಳುಹಿಸುವಾಗ. ಇದು ಹುಡುಗನಿಗೂ ಗೊತ್ತಿರಲಿಲ್ಲ, ತಂದೆಗೂ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ನಾವೂ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ. ಇಂಥದು ನಡೆದರೆ ತಡಮಾಡದೆ 1930 ಎಂಬ ಸಂಖ್ಯೆಗೆ ಕರೆ ಮಾಡಿ ತಿಳಿಸಬೇಕು. ಸರಕಾರವು ಅದಕ್ಕಾಗಿಯೇ ಇಟ್ಟಿರುವ ಸಂಖ್ಯೆ ಅದು. ನನ್ನ ವಿನಂತಿ ಇಷ್ಟೇ: ಮಕ್ಕಳ ಬೆರಳನ್ನು ತಮ್ಮ ಬೆರಳೆಂದು ಒಪ್ಪಿಸಿಬಿಡಬೇಡಿರಿ. ಹನ್ನೆರಡು ವರ್ಷದ ಬೆರಳಿಗೆ ವೇಗವಿದೆ, ತಡೆದು ನಿಲ್ಲುವ ಅಭ್ಯಾಸವಿಲ್ಲ. ತಾವು ಕಲಿಯಿರಿ; ಮುಟ್ಟುವ ಮುನ್ನ ಓದಿಸಿ ಕೇಳಿರಿ.

ಓದಿ ಕೇಳುವದೆಂದರೆ ಯಾವ ಭಾಷೆಯಲ್ಲಿ? ನಮ್ಮ ಗಡಿಯ ಮನೆಗಳ ಫೋನುಗಳು ಇಂಗ್ಲೀಷಿನಲ್ಲಿಯೋ ಮರಾಠಿಯಲ್ಲಿಯೋ ಇರುತ್ತವೆ. ಮರಾಠಿ ನಮ್ಮ ರಾಜ್ಯದ ಭಾಷೆ. ಅದನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ, ಕಲಿಯಲೂ ಬೇಕು. ಆದರೆ ಅವ್ವನಿಗೆ ಅರ್ಥವಾಗುವದು ಕನ್ನಡವಾದರೆ ಅವಳ ಫೋನು ಕನ್ನಡದಲ್ಲಿಯೇ ಇರಲಿ. ಸೆಟ್ಟಿಂಗಿನಲ್ಲಿ ಭಾಷೆಯನ್ನು ಬದಲಿಸಲು ಎರಡು ನಿಮಿಷ ಸಾಕು. ಬರೆಯುವದಕ್ಕೆ, ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸ ಗಣಕಯಂತ್ರಗಳಲ್ಲಿ ಪ್ರಚಾರದಲ್ಲಿದೆ. ಕೀಲಿಯೇ ಬೇಡವೆನ್ನುವವರಿಗೆ ಬೆರಳಿನಿಂದ ಗಾಜಿನ ಮೇಲೆ ಬರೆದುದನ್ನು ಗುರುತಿಸುವ ಸಾಧನವನ್ನು ಗೂಗಲ್ ಸಂಸ್ಥೆ 2015ರಲ್ಲಿ 82 ಭಾಷೆಗಳಿಗೆ ಹೊರತಂದಿತು. ಅದರಲ್ಲಿ ಕನ್ನಡವೂ ಇತ್ತು. ಅಕ್ಕಿಯ ಮೇಲೆ, ಮರಳಿನ ಮೇಲೆ ಗುರುಗಳು ಬೆರಳು ಹಿಡಿದು ತಿದ್ದಿಸಿದಂತೆಯೇ. ಬಾಲಭಾರತಿಯ ನಮ್ಮ ಕನ್ನಡ ಪಠ್ಯಪುಸ್ತಕಗಳ ಮೇಲೆ ಕ್ಯೂಆರ್ ಚೌಕಗಳಿರುವದನ್ನು ಮಕ್ಕಳು ನೋಡಿದ್ದಾರೆ. ಪಠ್ಯಪುಸ್ತಕದಲ್ಲಿ ಆ ಚೌಕಗಳನ್ನು ಅಳವಡಿಸಿದವರಲ್ಲಿ ಮೊದಲಿಗರು ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕರಾಗಿದ್ದ ರಣಜಿತಸಿಂಹ ಡಿಸಲೆ. 2020ರಲ್ಲಿ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರಿಗೆ ಬಂದಾಗ ಅರ್ಧ ಹಣವನ್ನು ಕೊನೆಯ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ನಮ್ಮ ಕಡೆಯ ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕ!

ಹೊತ್ತು ಬಹಳವಾಯಿತು; ಊಟಕ್ಕೆ ಘನಸಾಳ ಅಕ್ಕಿಯ ಅನ್ನ ಕಾಯುತ್ತಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಅವರ ಸನ್ನೆಯನ್ನು ಅರಿಯಲು ಯಾವ ಯಂತ್ರವೂ ಬೇಡ. ಒಂದು ಸೂಚನೆಯನ್ನು ಮಾತ್ರ ಹೇಳಿ ಕುಳಿತುಕೊಳ್ಳುತ್ತೇನೆ. ಇನ್ನು ಮುಂದೆ ಪ್ರತಿ ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಒಂದು ತಾಸು ಏಳನೆಯ ಇಯತ್ತೆಯ ಕೋಣೆ ಪಾಲಕರಿಗಾಗಿ ತೆರೆದಿರುತ್ತದೆ. ಕರೆಂಟು ಇದ್ದರೆ ಫಲಕದ ಮೇಲೆ, ಇಲ್ಲದಿದ್ದರೆ ತಮ್ಮ ತಮ್ಮ ಫೋನಿನ ಮೇಲೆ ಕಲಿಯೋಣ. ಒಂಬತ್ತನೆಯ ಇಯತ್ತೆಯ ಆರು ಮಕ್ಕಳು ಕಲಿಸಲು ಮುಂದೆ ಬಂದಿದ್ದಾರೆ. ಅವರಿಗೆ ನಾನು ಹಾಕಿರುವ ನಿಯಮ ಒಂದೇ: ಕಲಿಸುವಾಗ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಬೇಕು. ಫೋನನ್ನು ಮುಟ್ಟುವವರು ತಾಯಂದಿರೇ. ಮೊದಲನೆಯ ಶನಿವಾರಕ್ಕೆ ಹನ್ನೊಂದು ಜನ ತಾಯಂದಿರೂ ಇಬ್ಬರು ತಂದೆಯರೂ ಹೆಸರು ಬರೆಯಿಸಿದ್ದಾರೆ. ತಂದೆಯರಿಗಾಗಿ ಇನ್ನೂ ಬಹಳ ಸ್ಥಳವಿದೆ.